ಪನ್ನೀರು: ಅದನ್ನು ಇಳಿಸುವ ಕ್ರಮವೂ ಚರ್ಮಕ್ಕೆ ಅದರಿಂದಾಗುವ ಪ್ರಯೋಜನವೂ

ಪೂಜೆಗೂ, ಮುಡಿಯುವುದಕ್ಕೂ, ಮದುವೆಯ ಚಪ್ಪರದಲ್ಲಿ ಅತಿಥಿಗಳ ಮೇಲೆ ಪನ್ನೀರು ಚಿಮುಕಿಸುವುದಕ್ಕೂ ಗುಲಾಬಿಯು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರತಕ್ಕದ್ದು. ಮುಖಕ್ಕೆ ಹಚ್ಚುವ ಪದಾರ್ಥಗಳಲ್ಲಿಯೂ ಪನ್ನೀರಿಗೆ ಒಳ್ಳೆಯ ಬೇಡಿಕೆಯುಂಟು. ಆದರೆ ಪನ್ನೀರೆಂಬ ಹೆಸರಿನಿಂದ ಮಾರಾಟವಾಗುವ ಸೀಸೆಗಳಲ್ಲಿ ಕೆಲವು ಹೂವನ್ನೇ ಕಾಣದವು. ಬರಿಯ ನೀರಿಗೆ ಕೃತಕ ಸುಗಂಧವನ್ನು ಬೆರಸಿದವು. ಹಿತ್ತಿಲಿನಲ್ಲಿ ಒಂದೆರಡು ಸಾಲು ಗಿಡಗಳುಳ್ಳ ರೈತನು ಮನೆಮಂದಿಗೆ ಬೇಕಾಗುವಷ್ಟು ಶುದ್ಧವಾದ ಪನ್ನೀರನ್ನು ತಾನೇ ಇಳಿಸಿಕೊಳ್ಳಬಹುದು. ಅದರ ಕ್ರಮವನ್ನೂ, ಅದರಿಂದ ಆಗುವುದೇನು ಆಗದಿರುವುದೇನು ಎಂಬುದನ್ನೂ ಇಲ್ಲಿ ತಿಳಿಸಿದೆ.

1. ಯೋಗ್ಯವಾದ ಜಾತಿ.— ಸುಗಂಧಕ್ಕೆ ಡಮಾಸ್ಕ್ ಎಂಬ ಜಾತಿಯು ಪ್ರಸಿದ್ಧವಾದುದು. ಬಲ್ಗೇರಿಯಾ, ತುರ್ಕಿ, ಇರಾನ್ ದೇಶಗಳಲ್ಲಿಯೂ, ಉತ್ತರ ಹಿಂದೂಸ್ಥಾನದಲ್ಲಿಯೂ ಇದನ್ನು ಬೆಳೆಯುತ್ತಾರೆ. ಚಳಿಯಿಲ್ಲದ ಸೀಮೆಯಲ್ಲಿ ಇದು ಸಮೃದ್ಧವಾಗಿ ಹೂ ಬಿಡುವುದಿಲ್ಲ. ಎಡ್ವರ್ಡ್ ಎಂಬ ಜಾತಿಯು ಬಯಲುಸೀಮೆಯ ಶಾಖವನ್ನು ತಾಳಿಕೊಂಡು ಪದೇ ಪದೇ ಹೂ ಬಿಡುವುದು. ತೈಲಾಂಶವು ಕಡಮೆಯಾದರೂ ಪನ್ನೀರಿಗೆ ಒದಗುವುದು. 1 ಕಿಲೋ ತೈಲಕ್ಕೆ ಸುಮಾರು 3,500 ರಿಂದ 4,000 ಕಿಲೋ ಹೂವು ಬೇಕಾಗುವುದರಿಂದ ಸಣ್ಣ ಹಿಡುವಳಿದಾರನು ತೈಲದ ಆಸೆಯನ್ನು ಬಿಟ್ಟು ಪನ್ನೀರನ್ನು ಇಳಿಸುವುದೇ ಲೇಸು. ಪೇಟೆಯ ಹೂಗುಚ್ಛಕ್ಕೆಂದು ಬೆಳೆದ ಉದ್ದ ಕಾಂಡದ ಗುಲಾಬಿಯಲ್ಲಿ ಪರಿಮಳವು ಅಲ್ಪ. ಅದಕ್ಕೆ ಕೀಟನಾಶಕವನ್ನು ಮೇಲಿಂದ ಮೇಲೆ ಸಿಂಪಡಿಸಿರುವುದೂ ಉಂಟು. ಅಂತಹ ಹೂವನ್ನು ಮುಖದ ಉಪಯೋಗಕ್ಕೆ ಎಂದಿಗೂ ತೆಗೆದುಕೊಳ್ಳಕೂಡದು.

2. ಕೊಯ್ಲು.— ಬಿಸಿಲೇರಿದ ಹಾಗೆಲ್ಲ ಪರಿಮಳದ ಅಂಶವು ಆರಿಹೋಗುವುದು. ಆದಕಾರಣ ಆಗತಾನೆ ಬಿರಿಯುತ್ತಿರುವ ಹೂಗಳನ್ನು ಬೆಳಗಿನ ತಂಪಿನಲ್ಲಿಯೇ ಬಿಡಿಸಬೇಕು. ರಾಶಿ ಹಾಕಿದರೆ ಹೂವು ಕಾವೇರಿ ಕೆಡುವುದು. ನೆರಳಿನಲ್ಲಿ ತೆಳ್ಳಗೆ ಹರಡಿ ಅದೇ ದಿನ ಭಟ್ಟಿಗೆ ಹಾಕತಕ್ಕದ್ದು.

3. ಇಳಿಸುವ ಕ್ರಮ.— ಅತ್ತರಿಗೆ ಹೆಸರಾದ ಕನೌಜಿನಲ್ಲಿ ತಾಮ್ರದ ಹಂಡೆಯಿಂದ ಹೊರಟ ಆವಿಯನ್ನು ಬಿದಿರಿನ ಕೊಳವೆಯ ಮೂಲಕ ತಣ್ಣೀರಿನಲ್ಲಿಟ್ಟ ಪಾತ್ರೆಗೆ ಹಾಯಿಸಿ ತಂಪುಗೊಳಿಸುವರು. ಮನೆಯ ಮಟ್ಟಿಗೆ ಇಷ್ಟು ಸಾಧನವು ಬೇಕಿಲ್ಲ. ಅಗಲವಾದ ಪಾತ್ರೆಯ ನಡುವೆ ಎತ್ತರದ ಒಂದು ಕಲ್ಲನ್ನಿಟ್ಟು, ಅದರ ಮೇಲೆ ಬಟ್ಟಲನ್ನಿಡಬೇಕು. ಸುತ್ತಲೂ ಹೂವಿನ ಎಸಳುಗಳನ್ನು ಹಾಕಿ, ಅವು ಮುಳುಗುವಷ್ಟು, ಆದರೆ ಕಲ್ಲಿನ ಮಟ್ಟವನ್ನು ಮೀರದಂತೆ, ನೀರನ್ನು ಹೊಯ್ಯಬೇಕು. ಗುಂಡಗಿರುವ ಮುಚ್ಚಳವನ್ನು ಬೋರಲಾಗಿ ಮುಚ್ಚಿ, ಸಂದನ್ನು ಕಣಕದಿಂದ ಮೆತ್ತಿ, ಮುಚ್ಚಳದ ಗುಳಿಯಲ್ಲಿ ತಣ್ಣೀರು ತುಂಬಬೇಕು. ಸಣ್ಣ ಉರಿಯಲ್ಲಿ ಕಾಯಿಸಿದರೆ, ಆವಿಯು ಮುಚ್ಚಳಕ್ಕೆ ತಾಕಿ ಹನಿಯಾಗಿ ಬಟ್ಟಲಿಗೆ ಬೀಳುವುದು. ಮೇಲಿನ ನೀರು ಬಿಸಿಯಾದಂತೆ ಅದನ್ನು ಬದಲಾಯಿಸುತ್ತಿರಬೇಕು. 1 ಕಿಲೋ ಹೂವಿನಿಂದ ಸುಮಾರು 1 ಲೀಟರಿಗಿಂತ ಹೆಚ್ಚು ಇಳಿಸಹೊರಟರೆ ಪರಿಮಳವು ತೆಳುವಾಗುವುದು. ಎಸಳುಗಳನ್ನು ಕುದಿಸಿ ಸೋಸಿದ ಕೆಂಪು ನೀರು ಕಷಾಯವೇ ಹೊರತು ಪನ್ನೀರಲ್ಲ. ಅದು ಬೇಗನೆ ಹಳಸುವುದು.

4. ಚರ್ಮಕ್ಕಾಗುವ ಪ್ರಯೋಜನ.— ಬಿಸಿಲು ಧೂಳುಗಳಲ್ಲಿ ದುಡಿದು ಬಂದವರು ಮುಖವನ್ನು ತೊಳೆದು ಪನ್ನೀರನ್ನು ಹಚ್ಚಿದರೆ ತಂಪೂ ಹಿತವೂ ಆಗುವುವು. ಗಂಧವನ್ನು ತೇಯುವುದಕ್ಕೂ, ಕಡಲೆಹಿಟ್ಟನ್ನಾಗಲಿ ಮುಲ್ತಾನಿ ಮಣ್ಣನ್ನಾಗಲಿ ಕಲಸುವುದಕ್ಕೂ ಇದು ಅನುಕೂಲವಾದುದು. ಚಳಿಗಾಲದಲ್ಲಿ ಒಡೆದ ಕೈಕಾಲುಗಳಿಗೆ ಗ್ಲಿಸರಿನ್ ಬೆರಸಿ ಹಚ್ಚುವ ರೂಢಿಯುಂಟು. ಅಲ್ಲಿ ಚರ್ಮವನ್ನು ಮೆತ್ತಗಿಡುವುದು ಗ್ಲಿಸರಿನ್, ಅದನ್ನು ತೆಳುವಾಗಿಸಿ ಸುವಾಸನೆ ಕೊಡುವುದು ಪನ್ನೀರು. ಆದರೆ ಪನ್ನೀರಿನಿಂದ ಮೈಬಣ್ಣವು ಬದಲಾಗುವುದಿಲ್ಲ. ಕಜ್ಜಿ, ಗಜಕರ್ಣಗಳು ವಾಸಿಯಾಗುವುದಿಲ್ಲ. ಅಂತಹ ರೋಗಗಳಿಗೆ ಇದನ್ನೇ ನಂಬಿ ಕಾಲವನ್ನು ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು.

5. ಎಚ್ಚರಿಕೆಗಳು.— (ಅ) ಗುಲಾಬಿಯ ಸುಗಂಧಾಂಶಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಮೊದಲು ಮೊಣಕೈಯ ಒಳಭಾಗದಲ್ಲಿ ಹಚ್ಚಿ ಎರಡು ದಿನ ನೋಡಬೇಕು. ತುರಿಕೆಯಾಗಲಿ ಕೆಂಪಾಗಲಿ ಕಂಡರೆ ಬಿಟ್ಟುಬಿಡತಕ್ಕದ್ದು.
(ಆ) ಉರಿಗಣ್ಣಿಗೆ ಪನ್ನೀರು ಬಿಡುವ ಪದ್ಧತಿಯು ಅಪಾಯಕರ. ಮನೆಯಲ್ಲಿ ಇಳಿಸಿದ ಪನ್ನೀರು ಕ್ರಿಮಿರಹಿತವಾಗಿರುವುದಿಲ್ಲ. ಕಣ್ಣಿಗೂ ತೆರೆದ ಗಾಯಕ್ಕೂ ಅದನ್ನು ಹಾಕಲೇಕೂಡದು.
(ಇ) ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿದ ಬಣ್ಣದ ಸೀಸೆಯಲ್ಲಿ ತುಂಬಿ, ತಂಪಾದ ಕತ್ತಲೆಯ ಎಡೆಯಲ್ಲಿಡಬೇಕು. ಸ್ವಲ್ಪಸ್ವಲ್ಪವಾಗಿಯೇ ಇಳಿಸಿಕೊಳ್ಳುವುದು ಉತ್ತಮ. ನೀರು ಕದಡಿದರೆ ಅಥವಾ ವಾಸನೆ ಕೆಟ್ಟರೆ ಚೆಲ್ಲಿಬಿಡತಕ್ಕದ್ದು.
(ಈ) ಮುಖಕ್ಕೆ ಹಚ್ಚುವ ಪದಾರ್ಥವನ್ನು ಮಾರಾಟಕ್ಕಾಗಿ ತಯಾರಿಸುವುದಕ್ಕೆ 2020ರ ಕಾಂತಿವರ್ಧಕಗಳ ನಿಯಮಗಳ ಮೇರೆಗೆ ಲೈಸೆನ್ಸು ಅವಶ್ಯಕ. ಇದನ್ನು ಕಸುಬಾಗಿ ಹಿಡಿಯಬೇಕೆನ್ನುವವರು ಹಣ ಹೂಡುವುದಕ್ಕೆ ಮುಂಚೆಯೇ ಇದನ್ನು ವಿಚಾರಿಸಿಕೊಳ್ಳಬೇಕು.

ಒಳ್ಳೆಯ ಹೂವು, ಹೊತ್ತಿಗೆ ಸರಿಯಾದ ಕೊಯ್ಲು, ಶುಚಿಯಾದ ಪಾತ್ರೆ, ಈ ಮೂರೂ ಕೂಡಿದರೆ ಪನ್ನೀರಿನ ಗುಣವು ತಾನಾಗಿಯೇ ಬರುವುದು. ಗ್ರಾಮದ ಮುಖಂಡರು ಈ ಸಂಗತಿಗಳನ್ನು, ಮುಖ್ಯವಾಗಿ ಕಣ್ಣಿನ ವಿಷಯದ ಎಚ್ಚರಿಕೆಯನ್ನು, ಮನೆಮನೆಗೂ ತಿಳಿಯುವಂತೆ ಮಾಡಬೇಕಾಗಿ ಕೋರಲಾಗಿದೆ.