ಮಕ್ಕಳ ಊಟವೂ ಆಟವೂ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿತೆಂದರೆ ಒಂದರ ಹಿಂದೊಂದಾಗಿ ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಗಳು ದೊರೆಯುತ್ತವೆ. ಒಂದು ಕಾಲಕ್ಕೆ ಆ ನದಿಯೇ ಅಲ್ಲಿ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತಕ್ಕೂ ಎಲ್ಲೆಯಾಗಿದ್ದಿತು. ೧೯೫೬ರಲ್ಲಿ ಆ ಎಲ್ಲೆ ಅಳಿಯಿತು. ೧೯೯೭ರಲ್ಲಿ ಹಾವೇರಿಯು ಧಾರವಾಡದಿಂದ ಬೇರ್ಪಟ್ಟು ತಾನೇ ಒಂದು ಜಿಲ್ಲೆಯಾಯಿತು. ಜೋಳ, ಗೋವಿನಜೋಳ, ಶೇಂಗಾ, ಹತ್ತಿ, ಮೆಣಸಿನಕಾಯಿಗಳನ್ನು ಬೆಳೆಯುವ ನೆಲವದು. ಇಂತಹ ನೆಲದಲ್ಲಿ ಮಕ್ಕಳ ಮೈ ಬೆಳೆಯುವುದಕ್ಕೆ ಏನು ಕೊರತೆಯೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆ ಕೊರತೆ ಎಲ್ಲಿದೆಯೆಂಬುದನ್ನೇ ಇಲ್ಲಿ ವಿಚಾರಮಾಡೋಣ.

ಆ ಸೀಮೆಯಲ್ಲಿ ನಾಗರಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಎಳ್ಳಿನ ಉಂಡಿ, ಶೇಂಗಾ ಉಂಡಿ ಮನೆಮನೆಯಲ್ಲಿಯೂ ಸಿದ್ಧವಾಗುತ್ತವೆ. ಗಟ್ಟಿಯಾದ ಕೊಂಬೆಯನ್ನು ನೋಡಿ ಜೋಕಾಲಿ ಕಟ್ಟುತ್ತಾರೆ. ಎಳ್ಳಿನಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶವಿದೆ, ಶೇಂಗಾದಲ್ಲಿ ಸಸಾರಜನಕವಿದೆ. ನಿಂತು ಜೀಕುವವಳ ತೊಡೆ, ಬೆನ್ನು, ತೋಳುಗಳಿಗೆ ಜೋಕಾಲಿಯೇ ವ್ಯಾಯಾಮ. ಊಟವನ್ನೂ ಆಟವನ್ನೂ ಹಿರಿಯರು ಹೀಗೆ ಒಂದೇ ದಿನಕ್ಕೆ ಕಟ್ಟಿದರು. ಆದರೆ ಪಂಚಮಿ ಬರುವುದು ವರ್ಷಕ್ಕೊಮ್ಮೆ. ಉಳಿದ ದಿನಗಳ ಗತಿಯೇನು?

ಕೆಲವು ವರ್ಷಗಳ ಹಿಂದೆ ಪಂಚಮಿ ಮುಗಿದ ವಾರದಲ್ಲಿ ನಾವು ರಾಣೇಬೆನ್ನೂರಿನ ಸ್ನೇಹಿತರೊಬ್ಬರ ಮನೆಯಲ್ಲಿದ್ದೆವು. ಸಂಜೆ ಐದಾಗುತ್ತಲೂ ಹತ್ತು ವರ್ಷದ ಹುಡುಗ ಚೆಂಡು ಹಿಡಿದು ಹೊರಗೆ ಓಡಿದನು. ಹದಿಮೂರು ವರ್ಷದ ಅವನ ಅಕ್ಕ ಚಹದ ಬಟ್ಟಲನ್ನು ಹಿಡಿದು ಬಾಗಿಲಲ್ಲಿಯೇ ಕುಳಿತಿದ್ದಳು. ಅವಳೇಕೆ ಹೋಗಲಿಲ್ಲವೆಂದು ಕೇಳಿದೆವು. “ಅಕೀ ದೊಡ್ಡಾಕಿ ಆಗ್ಯಾಳ್ರೀ. ಇನ್ನ ಹೊರಗ ಆಡಾಕ ಕಳಸೂದು ಹೆಂಗ?” ಎಂದರು ತಾಯಿ. “ಹಂಗೂ ಅಕೀ ಭಾಳ ಆಳಸಿ.” ಹುಡುಗಿ ಮೆಲ್ಲಗೆ, “ಆಡಬೇಕನಸ್ತೈತ್ರಿ, ಆದ್ರ ಲಗೂನ ದಣಿವಾಗ್ತೈತ್ರಿ” ಎಂದಳು. ಉಪದೇಶ ಹೇಳಲು ನಮಗೆ ಬಾಯಿ ಬರಲಿಲ್ಲ. ನಮ್ಮ ಮನೆಯಲ್ಲಿಯೂ ಮಗಳ ಸಂಜೆಯನ್ನು ಮನೆಪಾಠಕ್ಕೆ ಒಪ್ಪಿಸಿ ಎರಡು ವರ್ಷವಾಗಿದ್ದಿತು.

ಆ ಹುಡುಗಿಯ ಮಾತಿನಲ್ಲಿ ಸೋಮಾರಿತನಕ್ಕಿಂತ ಬೇರೆಯದೇ ಕಾರಣವಿರಬಹುದು. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕೆಂಪು ವಸ್ತುವು ಕಬ್ಬಿಣದ ಅಂಶವಿಲ್ಲದೆ ಸಿದ್ಧವಾಗದು. ಅದು ಸಾಲದೆ ಹೋದರೆ ಸ್ನಾಯುಗಳಿಗೆ ಆಮ್ಲಜನಕ ಸಾಲದು. ಮಗು ನಾಲ್ಕು ಹೆಜ್ಜೆ ಓಡಿ ಕುಳಿತುಬಿಡುತ್ತದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ೧೫ರಿಂದ ೧೯ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಹುಡುಗರಲ್ಲಿ ನೂರಕ್ಕೆ ೩೧. ಮೈನೆರೆದ ಹುಡುಗಿಗೆ ತಿಂಗಳು ತಿಂಗಳೂ ರಕ್ತ ಹೋಗುವುದರಿಂದ ಅವಳ ತಟ್ಟೆಗೆ ಹೆಚ್ಚು ಬೀಳಬೇಕು. ಆಗುತ್ತಿರುವುದಾದರೋ ತಿರುಗುಮುರುಗು. ಅದೇ ವಯಸ್ಸಿಗೆ ಆಟವೂ ನಿಲ್ಲುತ್ತದೆ.

ಇದು ಒಂದು ಜಿಲ್ಲೆಯ ಮಾತಲ್ಲ. ೧೪೬ ದೇಶಗಳ ಶಾಲಾ ಮಕ್ಕಳನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ೧೧ರಿಂದ ೧೭ ವಯಸ್ಸಿನ ಹುಡುಗರಲ್ಲಿ ನೂರಕ್ಕೆ ೭೮, ಹುಡುಗಿಯರಲ್ಲಿ ೮೫ ಮಂದಿ ಬೇಕಾದಷ್ಟು ಮೈ ದಣಿಸುವುದಿಲ್ಲ. ಬೇಕಾದುದು ದಿನಕ್ಕೆ ಸರಾಸರಿ ಒಂದು ಗಂಟೆಯ, ಉಸಿರು ಬಿಸಿಯಾಗುವಂತಹ ಚಟುವಟಿಕೆ, ಅಷ್ಟೆ.

ಊಟ ಆಟಗಳು ಬೇರೆ ಬೇರೆ ವಿಷಯಗಳೆಂದು ನಾವು ತಿಳಿದಿರುವುದೇ ಮೊದಲ ತಪ್ಪು. ಎಲುಬಿಗೆ ಸುಣ್ಣದ ಅಂಶವನ್ನು ಕೊಟ್ಟರಷ್ಟೇ ಸಾಲದು; ಓಡಿ, ಹಾರಿ, ಭಾರ ಬಿದ್ದಾಗಲೇ ಎಲುಬು ಅದನ್ನು ಚೆನ್ನಾಗಿ ತುಂಬಿಕೊಂಡು ಗಟ್ಟಿಯಾಗುವುದು. ಹೀಗೆ ಕೂಡಿಡುವ ಕಾಲ ಬಹುಮಟ್ಟಿಗೆ ಇಪ್ಪತ್ತು ವರ್ಷದ ಆಸುಪಾಸಿಗೆ ಮುಗಿದುಹೋಗುತ್ತದೆ. ಮುದುಕಿಯಾದ ಮೇಲೆ ಮುರಿಯುವ ಎಲುಬು ಹುಡುಗಿಯಾಗಿದ್ದಾಗ ಬಾಗಿಲಲ್ಲಿ ಕುಳಿತುದರ ಫಲವೂ ಆಗಿರಬಹುದು.

ಇನ್ನು ತಟ್ಟೆಯ ಮಾತು. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಲೆ, ಶೇಂಗಾ ಚಟ್ನಿ, ಹಸಿಯ ಮೆಂತ್ಯದ ಸೊಪ್ಪು, ಮೊಸರು: ಹಾವೇರಿ ಸೀಮೆಯ ಈ ಊಟಕ್ಕೆ ಸೇರಿಸಬೇಕಾದುದು ಅಲ್ಪ. ಕಾಳಿನ ಸಸಾರಜನಕವು ಧಾನ್ಯದ ಕೊರತೆಯನ್ನು ತುಂಬುತ್ತದೆ. ಕಾಳು ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಬೇಕಾದರೆ ಸಿ ಜೀವಸತ್ವದ ನೆರವು ಬೇಕು; ನಿಂಬೆಯ ಹೋಳೊಂದನ್ನು ಹಿಂಡಿದರೆ, ಪೇರಲಹಣ್ಣೊಂದನ್ನು ತಿಂದರೆ ಆಯಿತು. ಊಟದೊಡನೆ ಕುಡಿಯುವ ಚಹ ಆ ಕಬ್ಬಿಣಕ್ಕೇ ಅಡ್ಡಬರುತ್ತದೆ.

ಆದರೆ ನೆಲದ ಬೆಳೆ ಮಕ್ಕಳ ಕೈಗೆ ಬರುವ ದಾರಿ ಸೊಟ್ಟದಾಗಿದೆ. ಗೋವಿನಜೋಳದ ಬಹುಭಾಗ ಕೋಳಿಯ ಮೇವಿಗೂ ಕಾರ್ಖಾನೆಗೂ ಹೋಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಅದರಿಂದ ತೆಗೆದ ಕೆಂಪು ಸಾರವನ್ನು ತಿಂಡಿಗಳ ಬಣ್ಣಕ್ಕೆ ಬಳಸುತ್ತಾರೆ. ಜೋಳ ಉಬ್ಬಿ, ಮೇಲೆ ಉಪ್ಪು ಎಣ್ಣೆಗಳನ್ನು ಬಳಿದುಕೊಂಡು, ಹೊಳೆಯುವ ಪೊಟ್ಟಣದಲ್ಲಿ ಶಾಲೆಯ ಮುಂದಿನ ಅಂಗಡಿಗೆ ಬರುತ್ತದೆ. ನಾವು ಕಾಸು ಕೊಟ್ಟು ಕೊಳ್ಳುತ್ತೇವೆ. ಸರ್ಕಾರಿ ಶಾಲೆಯ ಮಗುವಿಗೆ ೨೦೦೨ರಲ್ಲಿ ಆರಂಭವಾದ ಅಕ್ಷರದಾಸೋಹದ ಬಿಸಿಯೂಟವೂ ೨೦೧೩ರಲ್ಲಿ ಬಂದ ಕ್ಷೀರಭಾಗ್ಯದ ಹಾಲೂ ಒದಗಿದವು. ಹೆಚ್ಚು ಶುಲ್ಕ ತೆತ್ತು ಓದುವ ನಮ್ಮ ಮಕ್ಕಳ ಡಬ್ಬಿಯಲ್ಲಿ ಆ ಪೊಟ್ಟಣವಿರುವುದನ್ನು ಕಂಡಿದ್ದೇವೆ.

ಹಾಗಾದರೆ ಹೆತ್ತವರು ಮಾಡತಕ್ಕದ್ದೇನು? ಬೈದು ಉಣ್ಣಿಸುವುದರಿಂದ ಮಗುವಿಗೆ ಅನ್ನದ ಮೇಲೆ ಹಗೆ ಹುಟ್ಟೀತೇ ಹೊರತು ರುಚಿ ಹುಟ್ಟದು. ಏನನ್ನು, ಯಾವಾಗ ಬಡಿಸಬೇಕೆಂಬುದು ದೊಡ್ಡವರ ಕೆಲಸ. ಎಷ್ಟು ಉಣ್ಣಬೇಕೆಂಬುದು ಮಗುವಿನ ಹಸಿವಿನ ಕೆಲಸ. ಒಲ್ಲೆನೆಂದ ಸೊಪ್ಪನ್ನು ಗದ್ದಲವಿಲ್ಲದೆ ಎಂಟು ಹತ್ತು ಸಲ ಸ್ವಲ್ಪ ಸ್ವಲ್ಪವಾಗಿ ಮುಂದಿಟ್ಟರೆ ನಾಲಗೆ ಒಗ್ಗುವುದುಂಟು. ಆಟಕ್ಕೂ ಇದೇ ನ್ಯಾಯ. ಆಡು ಎನ್ನುವುದಕ್ಕಿಂತ ಆಡುವ ಹೊತ್ತನ್ನೂ ಜಾಗವನ್ನೂ ಕೊಡಬೇಕು. ಓಣಿಯ ನಾಲ್ಕು ಮನೆಯವರು ಕೂಡಿ ಸಂಜೆಯ ಒಂದು ಗಂಟೆಗೆ ಪಾಠವಿಲ್ಲವೆಂದು ಗೊತ್ತುಮಾಡಿ, ಸರದಿಯ ಮೇಲೆ ಒಬ್ಬೊಬ್ಬ ತಾಯಿಯೋ ತಂದೆಯೋ ಬಯಲಲ್ಲಿ ನಿಂತರೆ ದೊಡ್ಡ ಹುಡುಗಿಯರನ್ನು ಕಳುಹಿಸಲು ಇರುವ ಭಯ ತಾನಾಗಿ ಕಡಿಮೆಯಾಗುತ್ತದೆ. ಲಗೋರಿ, ಕುಂಟಾಟ, ಖೋಖೋಗಳಿಗೆ ಹಣ ಬೇಕಿಲ್ಲ. ಬೇಗ ದಣಿಯುವ ಮಗುವನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕು. ಸೋಮಾರಿಯೆಂಬ ಹೆಸರನ್ನು ಆಮೇಲೆ ಇಡಬಹುದು.

ರಾಣೇಬೆನ್ನೂರಿನ ಆ ಮನೆಯಲ್ಲಿ ಇಷ್ಟನ್ನು ಹೇಳಿ ಬಂದೆವು. ತಾಯಿ ಮಗಳ ರಕ್ತಪರೀಕ್ಷೆ ಮಾಡಿಸಿದರೆಂದೂ ಕಬ್ಬಿಣದ ಗುಳಿಗೆ ಆರಂಭವಾಯಿತೆಂದೂ ಆಮೇಲೆ ಕಾಗದ ಬಂದಿತು. ಪಂಚಮಿಯ ಜೋಕಾಲಿಯನ್ನು ಬಿಚ್ಚಿರಲಿಲ್ಲವಂತೆ. ಅದನ್ನು ಓದಿದ ಸಂಜೆ ನಾವೂ ಮಗಳ ಮನೆಪಾಠದ ವೇಳೆಯನ್ನು ಬದಲಾಯಿಸಿದೆವು.