ಹಾಡುವ ಕೊರಳಿಗೆ ಹೆಗಲಾಗುವವರು

ಹಬ್ಬದ ಇರುಳು ವೇದಿಕೆಯ ದೀಪಗಳು ಬೆಳಗಿ ಮೊದಲ ಸ್ವರ ಹೊರಟಾಗ ನಾವೆಲ್ಲರೂ ಗಾಯಕನನ್ನೇ ನೋಡುತ್ತೇವೆ. ಅದು ಸಹಜ. ಆದರೆ ಆ ಸ್ವರ ನಮ್ಮ ಕಿವಿಯನ್ನು ತಲುಪುವ ಮುನ್ನ ಯಾರೋ ದಿನಾಂಕ ಗೊತ್ತುಮಾಡಿರುತ್ತಾರೆ, ಸಂಭಾವನೆ ಮಾತಾಡಿರುತ್ತಾರೆ, ಧ್ವನಿವರ್ಧಕದವನಿಗೆ ಮುಂಗಡ ಕೊಟ್ಟಿರುತ್ತಾರೆ, ವಾದ್ಯದವರ ಊಟದ ಲೆಕ್ಕವಿಟ್ಟಿರುತ್ತಾರೆ. ಹಾಡಿಗೆ ಚಪ್ಪಾಳೆಯುಂಟು, ಈ ಕೆಲಸಕ್ಕೆ ಚಪ್ಪಾಳೆಯಿಲ್ಲ. ಮಹಾನಗರಗಳಲ್ಲಿ ಇದು ಈಗ ದೊಡ್ಡ ಉದ್ಯಮವಾಗಿ ಬೆಳೆದಿದೆ. ಕಲಾವಿದರ ವ್ಯವಹಾರವನ್ನು ನೋಡಿಕೊಳ್ಳುವುದಕ್ಕೆಂದೇ ಕಂಪೆನಿಗಳು ಹುಟ್ಟಿಕೊಂಡಿವೆ. ನಮ್ಮ ಮಂಗಳೂರಿನಲ್ಲಿ ಈ ಹೊಣೆಯನ್ನು ಹೊತ್ತವರು ಯಾರು, ನಾಳೆ ಹೊರುವವರು ಯಾರು ಎಂಬುದನ್ನು ಈ ವಾರ ಪ್ರಿಯ ವಾಚಕರೊಡನೆ ವಿಚಾರಿಸಲು ಬಯಸುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳೋಣ. ಅನೇಕ ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ ಕಟ್ಟಡ ನಿಧಿಗಾಗಿ ಸಂಗೀತ ರಸಸಂಜೆಯೊಂದನ್ನು ಏರ್ಪಡಿಸಿದ್ದೆವು. ಜನ ಕಿಕ್ಕಿರಿದು ಸೇರಿದರು, ನಿಧಿಯೂ ತುಂಬಿತು. ಚಪ್ಪರದವನಿಗೆ, ಜನರೇಟರಿನವನಿಗೆ, ಮೈಕಿನವನಿಗೆ ಬಿಲ್ಲಿನಂತೆ ಹಣ ಸಂದಾಯವಾಯಿತು. ಗಾಯಕನಿಗೆ ಮಾತ್ರ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಒಂದು ಸ್ಮರಣಿಕೆ. ಕೀಬೋರ್ಡ್ ನುಡಿಸಿದ ಯುವಕನಿಗೆ ಬಸ್ಸಿನ ಖರ್ಚು. ದೇವರ ಕೆಲಸಕ್ಕೆ ಸಂಭಾವನೆ ಏಕೆ ಎಂದು ನಾವೇ ಸಮಾಧಾನ ಹೇಳಿಕೊಂಡೆವು. ಮೈಕಿನವನು ಮಾಡಿದ್ದೂ ಅದೇ ದೇವರ ಕೆಲಸವಲ್ಲವೇ ಎಂಬ ಪ್ರಶ್ನೆ ನಮಗೆ ಹೊಳೆದದ್ದು ಬಹಳ ತಡವಾಗಿ. ಆ ಯುವಕನು ಮುಂದೆ ಕೊಲ್ಲಿ ರಾಷ್ಟ್ರಕ್ಕೆ ಹೋಗಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದನು. ಕೀಬೋರ್ಡನ್ನು ಮಾರಿ ಹೋದನೆಂದು ಕೇಳಿದೆವು.

ಕುಟುಂಬದಿಂದ ಸಂಸ್ಥೆಗೆ

ನಮ್ಮ ಕೊಂಕಣಿ ಸಂಗೀತಕ್ಕೆ ಪ್ರತಿಭೆಯ ಕೊರತೆ ಎಂದೂ ಇರಲಿಲ್ಲ. ರೋಸ್‌ನ ಚಪ್ಪರದಲ್ಲಿ ವೊವಿಯೊ ಹಾಡುವ ಅಜ್ಜಿಯಿಂದ ತೊಡಗಿ ಇಗರ್ಜಿಯ ಗಾಯನವೃಂದದ ಮಗುವಿನವರೆಗೆ ಹಾಡು ನಮ್ಮ ಮನೆಯ ಸೊತ್ತು. ಕೊರತೆಯಿದ್ದದ್ದು ವ್ಯವಸ್ಥೆಯದು. ‘ಕೊಂಕಣ ಕೋಗಿಲೆ’ ಎಂದೇ ಮನೆಮಾತಾದ ವಿಲ್ಫಿ ರೆಬಿಂಬಸ್ ಅವರು (1942–2010) ‘ವಿಲ್ಫಿ ನೈಟ್’ಗಳ ಮೂಲಕ ಕೊಂಕಣಿ ಹಾಡನ್ನು ಟಿಕೆಟ್ ಕೊಂಡು ಕೇಳುವ ಅಭ್ಯಾಸವನ್ನು ನಮ್ಮವರಲ್ಲಿ ಬೆಳೆಸಿದರು. ಕವಿಯೂ ಅವರೇ, ರಾಗಸಂಯೋಜಕರೂ ಅವರೇ, ಗಾಯಕರೂ ಅವರೇ. ಪತ್ನಿ ಮೀನಾ ಸಹಗಾಯಕಿ. ಒಂದು ಕುಟುಂಬವೇ ಒಂದು ಸಂಸ್ಥೆಯಂತೆ ದುಡಿಯಿತು. ಇದು ಅವರ ಹಿರಿಮೆ. ಆದರೆ ಒಬ್ಬನೇ ವ್ಯಕ್ತಿಯ ಹೆಗಲ ಮೇಲೆ ನಿಂತ ವ್ಯವಸ್ಥೆಯು ಆ ಹೆಗಲು ಬಾಗಿದಂದು ಏನಾಗುವುದು ಎಂಬ ಚಿಂತೆ ಅದರ ಬೆನ್ನಿಗೇ ಬರುತ್ತದೆ.

ಈ ಚಿಂತೆಗೆ ಮಂಗಳೂರು ಕಂಡುಕೊಂಡ ಉತ್ತರಗಳಲ್ಲಿ ಮುಖ್ಯವಾದುದು ‘ಮಾಂಡ್ ಸೊಭಾಣ್’. 1986ರಲ್ಲಿ ಎರಿಕ್ ಒಝೇರಿಯೊ ಅವರ ನೇತೃತ್ವದಲ್ಲಿ ಕೊಂಕಣಿ ಸಂಗೀತದ ಸ್ವಂತಿಕೆಯನ್ನು ಹುಡುಕುವ ಪ್ರಯೋಗವಾಗಿ ಅದು ಆರಂಭವಾಯಿತು. ಪಾಶ್ಚಾತ್ಯ ವಾದ್ಯಗಳ ಅಬ್ಬರದಲ್ಲಿ ಮೂಲೆಗುಂಪಾಗಿದ್ದ ಗುಮಟೆಯನ್ನು ಮರಳಿ ವೇದಿಕೆಗೆ ತಂದ ಕೀರ್ತಿಯಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಹಾಡುವ ತಂಡವಾಗಿ ಹುಟ್ಟಿದ್ದು ಕಾಲಕ್ರಮದಲ್ಲಿ ಗಾಯನ, ನೃತ್ಯ, ನಾಟಕಗಳ ಕವಲುಗಳನ್ನು ಚಾಚಿ, ನಗರದ ಶಕ್ತಿನಗರದಲ್ಲಿ ‘ಕಲಾಂಗಣ’ವೆಂಬ ಸ್ವಂತ ನೆಲೆಯನ್ನೂ ಕಟ್ಟಿಕೊಂಡಿತು.

ಇದು ಲಾಭಕ್ಕಾಗಿ ಕಲಾವಿದರ ವ್ಯವಹಾರ ನಡೆಸುವ ಕಂಪೆನಿಯಲ್ಲ, ಸಾಂಸ್ಕೃತಿಕ ಸಂಘಟನೆ. ಆದರೂ ಅದರ ಬೆಳವಣಿಗೆಯಲ್ಲಿ ಅಂಥ ಕಂಪೆನಿಗಳೂ ಕಲಿಯಬೇಕಾದ ಒಂದು ಪಾಠವಿದೆ. 2002ರ ಜನವರಿಯಲ್ಲಿ ಅದು ‘ತಿಂಗಳ ವೇದಿಕೆ’ಯನ್ನು ತೊಡಗಿತು. ಪ್ರತಿ ತಿಂಗಳ ಮೊದಲ ಭಾನುವಾರ ಒಂದು ಕಾರ್ಯಕ್ರಮ. ಈ ಸರಣಿ ಇನ್ನೂರರ ಗಡಿಯನ್ನು ಎಂದೋ ದಾಟಿದೆ. ಒಂದು ಅದ್ದೂರಿ ಕಾರ್ಯಕ್ರಮವನ್ನು ಉತ್ಸಾಹದಿಂದ ನಡೆಸಬಹುದು. ಇನ್ನೂರನ್ನು ನಡೆಸಲು ಶಿಸ್ತು ಬೇಕು. ಕಲಾವಿದನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ಇಂಥ ನಂಬಿಕೆಯೇ: ವೇದಿಕೆಯೊಂದು ಇದ್ದೇ ಇದೆ, ಅದು ನಾಳೆಯೂ ಇರುತ್ತದೆ ಎಂಬ ನಂಬಿಕೆ.

2008ರ ಜನವರಿ 26 ಮತ್ತು 27ರಂದು ನಡೆದ ‘ಕೊಂಕಣಿ ನಿರಂತರಿ’ಯನ್ನು ನಮ್ಮ ವಾಚಕರಲ್ಲಿ ಅನೇಕರು ಮರೆತಿರಲಾರರು. 44 ತಂಡಗಳ 1711 ಗಾಯಕರು ಎಡೆಬಿಡದೆ 40 ಗಂಟೆ ಹಾಡಿ, ಬ್ರೆಜಿಲ್ ದೇಶದ ತಂಡವೊಂದರ 36 ಗಂಟೆಗಳ ದಾಖಲೆಯನ್ನು ಮುರಿದು ಗಿನ್ನೆಸ್ ಪುಸ್ತಕವನ್ನು ಸೇರಿದರು. ದಾಖಲೆಯ ಹೆಮ್ಮೆ ಒಂದು ಕಡೆಗಿರಲಿ. ಅದರ ಹಿಂದಿನ ಲೆಕ್ಕವನ್ನು ನೋಡಿ. ಸರಾಸರಿಯಲ್ಲಿ ಒಂದು ತಂಡಕ್ಕೆ ಒಂದು ಗಂಟೆಗೂ ಕಡಿಮೆ ಅವಧಿ. ನಡುರಾತ್ರಿಯೂ ಮುಂದಿನ ತಂಡ ಸಿದ್ಧವಾಗಿ ನಿಲ್ಲಬೇಕು. ಒಬ್ಬರ ಸ್ವರ ಮುಗಿಯುವಲ್ಲಿ ಇನ್ನೊಬ್ಬರದು ಹತ್ತಬೇಕು. ಅಷ್ಟು ಮಂದಿಗೆ ಊಟ, ವಿಶ್ರಾಂತಿ, ವಾಹನ. ಹಾಡಿದವರು 1711 ಮಂದಿಯಾದರೆ ಹಾಡದೆಯೇ ಆ ಹಾಡನ್ನು ನಡೆಸಿದವರ ಹೆಸರು ಎಲ್ಲಿಯೂ ಇಲ್ಲ.

2025ರ ಆಗಸ್ಟ್ ತಿಂಗಳಲ್ಲಿ ಎರಿಕ್ ಒಝೇರಿಯೊ ಅವರು ನಮ್ಮನ್ನಗಲಿದರು. ಸಂಸ್ಥಾಪಕನನ್ನು ಕಳೆದುಕೊಂಡ ಮೇಲೂ ನಡೆಯುವುದೇ ಸಂಸ್ಥೆಯ ನಿಜವಾದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಗೆಲ್ಲಿಸುವ ಹೊಣೆ ಕೇಳುಗರಾದ ನಮ್ಮದೂ ಆಗಿದೆ.

ಸಾಧನವೋ, ಸಾಧ್ಯವೋ?

ಹೊರಜಗತ್ತಿನ ಎರಡು ನಿದರ್ಶನಗಳು ಇಲ್ಲಿ ಉಪಯುಕ್ತ. 1962ರಲ್ಲಿ ಬ್ರಯಾನ್ ಎಪ್‌ಸ್ಟೈನ್ ಎಂಬ ಅಂಗಡಿಕಾರನು ಲಿವರ್‌ಪೂಲ್‌ನ ನಾಲ್ವರು ಹುಡುಗರ ವ್ಯವಹಾರವನ್ನು ವಹಿಸಿಕೊಂಡನು. ಅವರ ಉಡುಪನ್ನು ತಿದ್ದಿದನು, ಧ್ವನಿಮುದ್ರಣ ಕಂಪೆನಿಗಳ ಬಾಗಿಲು ತಟ್ಟಿದನು, ಬೀಟಲ್ಸ್ ಲೋಕವಿಖ್ಯಾತರಾದರು. ಇತ್ತ ಅಮೆರಿಕದಲ್ಲಿ ಎಲ್ವಿಸ್ ಪ್ರೀಸ್ಲಿಯ ವ್ಯವಸ್ಥಾಪಕನಾಗಿದ್ದ ಕರ್ನಲ್ ಪಾರ್ಕರ್ ಕೊನೆಕೊನೆಗೆ ಗಳಿಕೆಯ ಅರ್ಧಪಾಲನ್ನೇ ತೆಗೆದುಕೊಳ್ಳುತ್ತಿದ್ದನು. ಈ ವೃತ್ತಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತು ನ್ಯಾಯವಾದ ಪಾಲೆಂದು ಎಣಿಸುತ್ತಾರೆ. ಹೆಗಲು ಕೊಡುವವನು ಹೆಗಲೇರಿ ಕುಳಿತರೆ ಹಾಡುವವನ ಗತಿಯೇನು?

ಮನುಷ್ಯನನ್ನು ಎಂದೂ ಬರಿಯ ಸಾಧನವಾಗಿ ಕಾಣಬಾರದು, ಅವನು ತಾನೇ ಒಂದು ಗುರಿ ಎಂದು ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಕಲಿಸಿದನು. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ತಮ್ಮ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಕಾರ್ಮಿಕನ ನ್ಯಾಯವಾದ ವೇತನವನ್ನು ಎತ್ತಿಹಿಡಿದರು. ಗಿರಣಿಯ ಕೆಲಸಗಾರನಿಗೆ ಸಲ್ಲುವ ಆ ಮಾತು ಕೀಬೋರ್ಡ್ ನುಡಿಸುವವನಿಗೆ ಸಲ್ಲದೇ? ಕಲಾವಿದನನ್ನು ಸುಲಿಯುವ ವ್ಯವಸ್ಥಾಪಕನು ಅವನನ್ನು ಸಾಧನವಾಗಿ ಮಾಡುತ್ತಾನೆ. ಶಾಲು ಹೊದಿಸಿ ಕಳುಹಿಸಿಬಿಡುವ ನಾವು ಕೂಡ ಬೇರೆ ರೀತಿಯಲ್ಲಿ ಅದನ್ನೇ ಮಾಡುತ್ತೇವೆ.

ಈಗ ಕಾನೂನು ಕೂಡ ಕಲಾವಿದನ ನೆರವಿಗೆ ಬಂದಿದೆ. ಕ್ಯಾಸೆಟ್ಟುಗಳ ಕಾಲದಲ್ಲಿ ಒಂದಿಷ್ಟು ಹಣಕ್ಕೆ ಹಾಡನ್ನು ಕೊಟ್ಟುಬಿಟ್ಟರೆ ಕವಿಯ ಸಂಬಂಧ ಅಲ್ಲಿಗೇ ಮುಗಿಯುವುದು ವಾಡಿಕೆಯಾಗಿತ್ತು. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾಗಿ, ಧ್ವನಿಮುದ್ರಣದಲ್ಲಿ ಬಳಕೆಯಾದ ಹಾಡಿನ ಕವಿಯೂ ರಾಗಸಂಯೋಜಕನೂ ತಮ್ಮ ಗೌರವಧನದ ಪಾಲನ್ನು ಬರೆದುಕೊಟ್ಟರೂ ಕಳೆದುಕೊಳ್ಳದಂಥ ರಕ್ಷಣೆ ದೊರೆಯಿತು. ಗಾಯಕರ ಹಕ್ಕಿಗಾಗಿ 2013ರಲ್ಲಿ ಪ್ರತ್ಯೇಕ ಸಂಘವೂ ಸ್ಥಾಪನೆಯಾಯಿತು. ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ಅರ್ಜಿ ತುಂಬಿಸಿ, ಲೆಕ್ಕ ಕೇಳಿ, ಹಣ ತರುವವರೊಬ್ಬರು ಬೇಕು. ಹಾಡುವವನಿಗೆ ಇದಕ್ಕೆ ಬಿಡುವಿಲ್ಲ, ಬಹುಮಟ್ಟಿಗೆ ಮನಸ್ಸೂ ಇಲ್ಲ.

ಆದ್ದರಿಂದ ನಮ್ಮ ಕುಟುಂಬಗಳಲ್ಲಿ ಎರಡು ಬಿನ್ನಹ. ಮದುವೆಗಾಗಲಿ ಧರ್ಮಕೇಂದ್ರದ ಹಬ್ಬಕ್ಕಾಗಲಿ ಕಲಾವಿದರನ್ನು ಕರೆಯುವಾಗ ಸಂಭಾವನೆಯನ್ನು ಮೊದಲೇ ಮಾತಾಡಿ, ಒಂದು ಹಾಳೆಯಲ್ಲಿ ಬರೆದು, ಮುಂಗಡ ಕೊಟ್ಟುಬಿಡಿ. ಉಚಿತವಾಗಿ ಹಾಡುವೆನೆಂದು ಅವರೇ ಹೇಳಿದರೆ ಅದು ದಾನ; ನಾವೇ ಹಾಗೆ ತೀರ್ಮಾನಿಸಿದರೆ ಅದು ದಾನವಲ್ಲ. ಎರಡನೆಯದು, ವಾಣಿಜ್ಯವನ್ನೋ ಕಾನೂನನ್ನೋ ಕಲಿತ ನಮ್ಮ ಯುವಕ ಯುವತಿಯರಿಗೆ. ಸಂಗೀತವನ್ನು ಪ್ರೀತಿಸುವವರೆಲ್ಲ ಹಾಡಲೇಬೇಕೆಂದಿಲ್ಲ. ಹಾಡುವವರ ಲೆಕ್ಕಪತ್ರ ನೋಡಿಕೊಂಡು, ತಮ್ಮ ನ್ಯಾಯವಾದ ಪಾಲನ್ನು ಮಾತ್ರ ಪಡೆದು, ಪ್ರಾಮಾಣಿಕವಾಗಿ ಬದುಕಬಹುದಾದ ಒಂದು ವೃತ್ತಿ ಈ ಊರಿನಲ್ಲಿ ಇನ್ನೂ ಕಾದು ಕುಳಿತಿದೆ.

ಆ ಕೀಬೋರ್ಡಿನ ಯುವಕನು ಈಗ ನಡುಹರೆಯ ದಾಟಿರಬೇಕು. ಅವನಿಗೆ ಸಲ್ಲಬೇಕಾದುದನ್ನು ನಾವು ಸಲ್ಲಿಸಲಿಲ್ಲ. ಅವನಂಥ ಇನ್ನೊಬ್ಬನು ತನ್ನ ವಾದ್ಯವನ್ನು ಮಾರದಂತೆ ನೋಡಿಕೊಳ್ಳುವುದು ಇನ್ನೂ ನಮ್ಮ ಕೈಯಲ್ಲಿದೆ.