ಕ್ಲೌಡ್ ಸರ್ವರ್‌ನಲ್ಲಿ ಸ್ವಂತ ರನ್ನರ್: ಉಳಿತಾಯವೂ ಹೊಣೆಗಾರಿಕೆಯೂ

ತಂತ್ರಾಂಶ ತಯಾರಿಕೆಯಲ್ಲಿ ಪ್ರತಿಯೊಂದು ತಿದ್ದುಪಡಿಯ ನಂತರವೂ ಪರೀಕ್ಷೆ, ಜೋಡಣೆ ಹಾಗೂ ಬಿಡುಗಡೆಯ ಕೆಲಸಗಳು ಪುನರಾವರ್ತನೆಯಾಗುತ್ತವೆ. ಇವನ್ನು ಸ್ವಯಂಚಾಲಿತವಾಗಿ ನೆರವೇರಿಸುವ ವ್ಯವಸ್ಥೆಗಳಲ್ಲಿ, 2019ರ ನವೆಂಬರ್‌ನಲ್ಲಿ ಸಾರ್ವತ್ರಿಕ ಬಳಕೆಗೆ ಬಂದ ಗಿಟ್‌ಹಬ್ ಆಕ್ಷನ್ಸ್ ಪ್ರಮುಖವಾದುದು. ಇದರಲ್ಲಿ ಕೆಲಸವನ್ನು ನಿರ್ವಹಿಸುವ ಗಣಕಯಂತ್ರಕ್ಕೆ ‘ರನ್ನರ್’ ಎಂದು ಹೆಸರು. ಗಿಟ್‌ಹಬ್ ಒದಗಿಸುವ ರನ್ನರ್‌ಗಳನ್ನು ಖಾಸಗಿ ಯೋಜನೆಗಳಿಗೆ ಬಳಸುವಾಗ ಉಚಿತ ಖಾತೆಗೆ ತಿಂಗಳಿಗೆ 2,000 ನಿಮಿಷಗಳ ಮಿತಿಯಿದೆ. ಅನಂತರ ನಿಮಿಷದ ಲೆಕ್ಕದಲ್ಲಿ ಶುಲ್ಕ ತೆರಬೇಕು. ಆದಕಾರಣ ಬಾಡಿಗೆಯ ಕ್ಲೌಡ್ ಸರ್ವರ್‌ನಲ್ಲಿ ಸ್ವಂತ ರನ್ನರ್ ಸ್ಥಾಪಿಸುವುದು ಸಣ್ಣ ಘಟಕಗಳಿಗೂ ವಿಚಾರಾರ್ಹವಾಗಿದೆ.

ಅಳವಡಿಕೆಯ ಕ್ರಮ

ಮೊದಲಿಗೆ ಲಿನಕ್ಸ್ ಸರ್ವರ್ ಒಂದನ್ನು ಪಡೆದು, ಆಡಳಿತಾಧಿಕಾರವಿಲ್ಲದ ಪ್ರತ್ಯೇಕ ಬಳಕೆದಾರನನ್ನು ಸೃಷ್ಟಿಸಬೇಕು. ಅಮೆಜಾನ್ ಸಂಸ್ಥೆಯ ಕ್ಲೌಡ್ ಕೇಂದ್ರಗಳು ಮುಂಬಯಿಯಲ್ಲಿ 2016ರಿಂದಲೂ ಹೈದರಾಬಾದಿನಲ್ಲಿ 2022ರಿಂದಲೂ ಇರುವುದರಿಂದ ಸರ್ವರ್ ದೇಶದೊಳಗೇ ದೊರೆಯುತ್ತದೆ. ಗಿಟ್‌ಹಬ್ ಯೋಜನೆಯ ಸೆಟ್ಟಿಂಗ್ಸ್ ವಿಭಾಗದಲ್ಲಿ ರನ್ನರ್ ತಂತ್ರಾಂಶವೂ ನೋಂದಣಿ ಟೋಕನ್ನೂ ಲಭ್ಯ. ಟೋಕನ್ ಒಂದು ಗಂಟೆ ಮಾತ್ರ ಊರ್ಜಿತವಾಗಿರುತ್ತದೆ. ನೋಂದಣಿ ಮುಗಿದ ಬಳಿಕ ರನ್ನರನ್ನು ‘ಸರ್ವಿಸ್’ ಆಗಿ ಸ್ಥಾಪಿಸಿದರೆ, ಸರ್ವರ್ ಮರುಚಾಲನೆಗೊಂಡಾಗ ತಾನಾಗಿಯೇ ಕಾರ್ಯಾರಂಭ ಮಾಡುತ್ತದೆ.

ಪೇಟೆಗೆ ತಾನೇ ಹೋಗಿ ಬೇಡಿಕೆ ವಿಚಾರಿಸುವ ಗುಮಾಸ್ತನಂತೆ, ರನ್ನರ್ ತಾನಾಗಿ ಗಿಟ್‌ಹಬ್ಬನ್ನು ಸಂಪರ್ಕಿಸಿ ಕೆಲಸ ಪಡೆಯುತ್ತದೆ. ಹೀಗಾಗಿ ಅದಕ್ಕಾಗಿ ಹೊರಗಿನಿಂದ ಒಳಬರುವ ಯಾವ ಪೋರ್ಟನ್ನೂ ತೆರೆದಿಡಬೇಕಾಗಿಲ್ಲ.

ಎಚ್ಚರಿಕೆಯ ಅಂಶಗಳು

ಗಿಟ್‌ಹಬ್‌ನ ರನ್ನರ್‌ಗಳಲ್ಲಿ ಪ್ರತಿ ಕೆಲಸಕ್ಕೂ ಹೊಸ ಯಂತ್ರ ದೊರೆಯುತ್ತದೆ. ಸ್ವಂತ ಸರ್ವರ್‌ನಲ್ಲಾದರೋ ಹಿಂದಿನ ಕೆಲಸದ ಕಡತಗಳು ಹಾಗೆಯೇ ಉಳಿಯಬಹುದು. ಸಾರ್ವಜನಿಕ ಯೋಜನೆಗೆ ಇಂತಹ ರನ್ನರ್ ಜೋಡಿಸಿದಲ್ಲಿ, ಅಪರಿಚಿತರು ಕಳುಹಿಸಿದ ತಿದ್ದುಪಡಿಯ ಮೂಲಕ ಹಾನಿಕರ ಸಂಕೇತ ಚಾಲನೆಗೊಂಡು, ಸರ್ವರ್‌ನಲ್ಲಿರುವ ಗುಪ್ತಪದಗಳು ಹಾಗೂ ಗ್ರಾಹಕರ ದತ್ತಾಂಶ ಪರರ ಪಾಲಾಗಬಹುದು. ಆದ್ದರಿಂದ ಖಾಸಗಿ ಯೋಜನೆಗಳಿಗಷ್ಟೇ ಬಳಸುವಂತೆ ಗಿಟ್‌ಹಬ್ ಸಹ ಸಲಹೆ ನೀಡುತ್ತದೆ. ರನ್ನರ್‌ಗೆ ನೀಡುವ ಕ್ಲೌಡ್ ಅಧಿಕಾರವೂ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು.

ಹದಿನಾಲ್ಕು ದಿನಗಳಿಗಿಂತ ಹೆಚ್ಚು ಕಾಲ ಸಂಪರ್ಕಕ್ಕೆ ಬಾರದ ರನ್ನರ್‌ನ ನೋಂದಣಿ ರದ್ದಾಗುತ್ತದೆ. ಯಾವ ರನ್ನರೂ ಕೈಗೆತ್ತಿಕೊಳ್ಳದ ಕೆಲಸ 24 ಗಂಟೆಗಳ ನಂತರ ವಿಫಲವಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಗಣಕ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಯ್ದಿರಿಸುವುದೂ, ಅದರಲ್ಲಿ ಸೂಚಿಸಿರುವ ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡುವುದೂ ಕಡ್ಡಾಯ.

ಲೆಕ್ಕಾಚಾರ

ಸರ್ವರ್‌ಗೆ ಕೆಲಸವಿರಲಿ, ಇಲ್ಲದಿರಲಿ, ಚಾಲನೆಯಲ್ಲಿರುವಷ್ಟು ಕಾಲವೂ ಬಾಡಿಗೆ ಬೀಳುತ್ತದೆ. ನಿಲ್ಲಿಸಿದರೂ ಜೋಡಿಸಿದ ಡಿಸ್ಕ್‌ನ ಶುಲ್ಕ ತಪ್ಪದು. ತಿಂಗಳ ಬಳಕೆ ಉಚಿತ ಮಿತಿಯೊಳಗಿರುವ ಘಟಕಕ್ಕೆ ಈ ವ್ಯವಸ್ಥೆ ಹೊರೆಯಾದೀತು. ದಿನವಿಡೀ ಕೆಲಸ ನಡೆಯುವಲ್ಲಿ, ನಿರ್ವಹಣೆಗೆ ಒಬ್ಬ ಜವಾಬ್ದಾರಿಯುತ ತಂತ್ರಜ್ಞನಿರುವಲ್ಲಿ ಮಾತ್ರ ಇದು ನಿಜವಾದ ಉಳಿತಾಯವೆನಿಸುತ್ತದೆ.